ಹಳೆಯ ಮನೆಯ ದುರಸ್ತಿಯನ್ನು ಯುವಜನರಿಗೆ ಒಪ್ಪಿಸುವ ಕುರಿತು

ಮಾನ್ಯ ಸಂಪಾದಕರೇ,

ಮುಂಗಾರು ಶುರುವಾದ ಮೇಲೆ ನಿಮ್ಮ ಪತ್ರಿಕೆಯ ಕರಾವಳಿ ಪುಟಗಳನ್ನು ಅಂತರ್ಜಾಲದಲ್ಲಿ ತೆರೆದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಒಂದೇ ಬಗೆಯ ಸಣ್ಣ ಸುದ್ದಿಗಳ ಕಡೆಗೆ. ಗಾಳಿಮಳೆಗೆ ಮನೆಯ ಮಾಡು ಕುಸಿದಿದೆ, ಗೋಡೆ ಜರಿದಿದೆ, ಕಂದಾಯ ಇಲಾಖೆಯವರು ಬಂದು ನೋಡಿ ಹೋಗಿದ್ದಾರೆ, ‘ಭಾಗಶಃ ಹಾನಿ’ ಎಂದು ಬರೆದುಕೊಂಡಿದ್ದಾರೆ. ಇಂಥ ಮನೆಗಳಲ್ಲಿ ಹೆಚ್ಚಿನವು ಆ ಒಂದು ರಾತ್ರಿಯ ಮಳೆಗೆ ಬಿದ್ದವಲ್ಲ ಎಂಬುದು ಹಂಚಿನ ಮಾಡಿನ ಕೆಳಗೆ ಬೆಳೆದವರಿಗೆಲ್ಲ ಗೊತ್ತಿದೆ. ಒಡೆದ ಹತ್ತು ಹಂಚು ಬದಲಾಗದೆ, ಹಂಚು ಕೂರುವ ರೀಪು ನೀರು ಕುಡಿದು ಕುಂಬಾಗಿ, ಅದನ್ನು ಹೊತ್ತ ಪಕ್ಕಾಸಿಗೆ ಒರಲೆ ಹತ್ತಿ, ನಾಲ್ಕೈದು ಮಳೆಗಾಲ ಸೋರಿ ಸೋರಿ ನೆನೆದ ಮಣ್ಣಿನ ಗೋಡೆ ಕೊನೆಗೊಂದು ದಿನ ಕೈಬಿಟ್ಟಿದೆ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ವಿಪತ್ತು ಪರಿಹಾರದ ಮಾನದಂಡದಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ ಎಂದಿದೆ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಏನಾದರೂ ಸೇರಿಸಿದರೂ ಆ ಹಣ ಬರುವುದು ಮನೆ ಬಿದ್ದ ಮೇಲೆ. ಬೀಳುವ ಮುಂಚೆ ಏಣಿ ಹಾಕಿ ಹತ್ತುವವರನ್ನು ಎಲ್ಲಿಂದ ತರುವುದು ಎಂಬುದೇ ಮಗ ದೂರದ ಊರಿನಲ್ಲಿರುವ, ಗಂಡ ತೀರಿಕೊಂಡ, ಸೊಂಟ ಬಗ್ಗಿದ ಹೆಂಗಸಿನ ನಿಜವಾದ ಚಿಂತೆ.

ನಾನು ಉಡುಪಿ ಕಡೆಯವನು, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಇಪ್ಪತ್ತು ವರ್ಷಗಳಿಂದ ನೆಲೆಸಿದ್ದೇನೆ. ನಾವು ಹೋಗುವ, ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡದ ಸಭೆಯ (ಚರ್ಚಿನ) ಹೈಸ್ಕೂಲು ಮಕ್ಕಳು ಪ್ರತಿ ಬೇಸಿಗೆಯಲ್ಲಿ ಒಂದು ವಾರ ಅಮೆರಿಕದ ಪೂರ್ವಭಾಗದ ಅಪಲಾಚಿಯ ಬೆಟ್ಟಸೀಮೆಗೆ ಹೋಗಿ ಬಡವರ ಮನೆಗಳ ದುರಸ್ತಿ ಮಾಡಿ ಬರುತ್ತಾರೆ. ಮಗಳ ಜೊತೆ ದೊಡ್ಡವರ ಪೈಕಿ ಒಬ್ಬನಾಗಿ ನಾನೂ ಐದು ಸಲ ಹೋಗಿದ್ದೇನೆ, ಕಳೆದ ಜೂನ್ ಕೊನೆಯಲ್ಲಿ ಪೂರ್ವ ಕೆಂಟಕಿಗೆ ಹೋಗಿ ಬಂದದ್ದು ಐದನೆಯದು. ಮರಳಿದ ಮರುದಿನವೇ ನಿಮ್ಮ ಪುಟದಲ್ಲಿ ಮತ್ತೆ ಅದೇ ‘ಭಾಗಶಃ ಹಾನಿ’ಯ ಸುದ್ದಿ ಓದಿದೆ. ಅಲ್ಲಿ ನಾನು ಕಂಡದ್ದನ್ನು ನಮ್ಮೂರಿನವರ ಮುಂದೆ ಇಡಬೇಕೆಂದು ತೋರಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದೀತು, ಕ್ಷಮಿಸಬೇಕು.

ಈ ಕೆಲಸ ಶುರುಮಾಡಿದವರು ಗ್ಲೆನ್ ‘ಟೆಕ್ಸ್’ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ. 1969ರ ಬೇಸಿಗೆಯಲ್ಲಿ ಅವರು ಹದಿಹರೆಯದವರೂ ದೊಡ್ಡವರೂ ಸೇರಿದ 50 ಮಂದಿಯನ್ನು ಕೆಂಟಕಿಯ ಬಾರ್ಬರ್‌ವಿಲ್ ಎಂಬ ಸಣ್ಣ ಪಟ್ಟಣಕ್ಕೆ ಕರೆದುಕೊಂಡು ಹೋದರು. ಆ ವರ್ಷ ಅವರು ಸರಿಮಾಡಿದ್ದು ನಾಲ್ಕು ಮನೆಗಳನ್ನು. ಅದೇ ಬೆಳೆದು ಅಪಲಾಚಿಯ ಸರ್ವಿಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯಾಗಿದೆ. ಟೆನೆಸ್ಸಿಯ ಜಾನ್ಸನ್ ಸಿಟಿಯಲ್ಲಿ ಅದರ ಕಚೇರಿಯಿದ್ದು, ಕೆಂಟಕಿ, ಟೆನೆಸ್ಸಿ, ವರ್ಜೀನಿಯ, ವೆಸ್ಟ್ ವರ್ಜೀನಿಯ ಮತ್ತು ನಾರ್ತ್ ಕೆರೊಲಿನ ರಾಜ್ಯಗಳ ಬೆಟ್ಟದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಬೇರೆ ಬೇರೆ ಸಭೆಗಳ ಸಾವಿರಾರು ಮಕ್ಕಳು ಅದರ ಮೂಲಕ ಕೆಲಸಕ್ಕೆ ಬರುತ್ತಾರೆ. ಅವರ ಧ್ಯೇಯವಾಕ್ಯ ಮೂರೇ ಮಾತು: ಮನೆ ಇನ್ನಷ್ಟು ಬೆಚ್ಚಗಿರಬೇಕು, ಇನ್ನಷ್ಟು ಸುರಕ್ಷಿತವಾಗಿರಬೇಕು, ಇನ್ನಷ್ಟು ಒಣಗಿರಬೇಕು. ಮನೆಯನ್ನು ಚಂದ ಮಾಡುತ್ತೇವೆ, ಹೊಸದು ಮಾಡುತ್ತೇವೆ ಎಂದು ಅವರು ಎಲ್ಲಿಯೂ ಹೇಳುವುದಿಲ್ಲ. ‘ಒಣ’ ಎಂಬ ಒಂದು ಪದವನ್ನು ಅಷ್ಟು ಮುಖ್ಯವಾಗಿ ಹಿಡಿದುಕೊಂಡದ್ದು ಕರಾವಳಿಯವನಾದ ನನಗೆ ಮೊದಲ ದಿನವೇ ಹಿಡಿಸಿತು.

ಅಮೆರಿಕದಲ್ಲಿ ಸೋರುವ ಮನೆಗಳೇ, ಎಂದು ಊರಿಗೆ ಬಂದಾಗ ಹಲವರು ಕೇಳಿದ್ದಾರೆ. ಕಲ್ಲಿದ್ದಲಿನ ಗಣಿಗಳನ್ನು ನಂಬಿ ಒಂದು ನೂರು ವರ್ಷ ಬದುಕಿದ ಸೀಮೆ ಅದು. ಯಂತ್ರಗಳು ಬಂದು ಕೂಲಿಯವರು ಕಡಿಮೆಯಾದರು, ಆಮೇಲೆ ಗಣಿಗಳೇ ಒಂದೊಂದಾಗಿ ಮುಚ್ಚಿದವು, ವಯಸ್ಸಿನ ಮಕ್ಕಳು ಕೆಲಸ ಹುಡುಕಿಕೊಂಡು ನಮ್ಮ ಒಹಾಯೊದಂಥ ಕಡೆಗೆ ಹೊರಟರು, ಉಳಿದವರು ಮುದುಕರು ಮತ್ತು ಅಂಗವಿಕಲರು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಬೈಲಿಗೆ ಅಲ್ಲಿಯವರು ‘ಹಾಲರ್’ ಎನ್ನುತ್ತಾರೆ. ಅದರ ನಡುವೆ ತೊರೆ, ತೊರೆಯ ಪಕ್ಕ ರಸ್ತೆ, ರಸ್ತೆಯ ಪಕ್ಕ ಮನೆ. ಸಮತಟ್ಟಾದ ಜಾಗ ಬೇರೆಲ್ಲೂ ಇಲ್ಲ. 2022ರ ಜುಲೈ ಕೊನೆಯ ವಾರ ಪೂರ್ವ ಕೆಂಟಕಿಯಲ್ಲಿ ಆ ತೊರೆಗಳು ಒಂದೇ ರಾತ್ರಿ ಉಕ್ಕಿ 40ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮನೆಗಳು ನೀರು ಹೊಕ್ಕು ಕೆಟ್ಟವು. ಇನ್ನು ಅನೇಕರದ್ದು ಕಾರ್ಖಾನೆಯಲ್ಲಿ ಕಟ್ಟಿ ಗಾಲಿಯ ಮೇಲೆ ತಂದಿಡುವ ಟ್ರೇಲರ್ ಮನೆ. ಅದರ ನೆಲಕ್ಕೆ ಹಾಸಿರುವುದು ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆ. ಕೊಳಾಯಿಯೊಂದು ಸಣ್ಣಗೆ ಸೋರಿದರೂ ಸಾಕು, ಆ ಹಲಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಉಬ್ಬಿ ಪುಡಿಯಾಗುತ್ತದೆ.

ಕಾಗದಪತ್ರದ ತೊಡಕೂ ಇದೆ, ಅದು ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಅಜ್ಜನ ಹೆಸರಿನಲ್ಲಿರುವ ಜಾಗ ಪಾಲಾಗದೆ ಮೊಮ್ಮಕ್ಕಳವರೆಗೆ ಬಂದಿರುತ್ತದೆ. ವಾಸವಿರುವವರ ಹೆಸರಿನಲ್ಲಿ ಹಕ್ಕುಪತ್ರ ಇರುವುದಿಲ್ಲ. ಅಂಥವರಿಗೆ ಪ್ರವಾಹದ ನಂತರವೂ ಸರ್ಕಾರದ ನೆರವು ಸಿಗುವುದು ಬಹುಕಾಲ ಕಷ್ಟವಾಗಿತ್ತು. 2021ರಲ್ಲಷ್ಟೇ ಅಲ್ಲಿಯ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಮಾಲೀಕತ್ವದ ದಾಖಲೆಯ ನಿಯಮವನ್ನು ಸಡಿಲಗೊಳಿಸಿತು. 62 ವರ್ಷ ದಾಟಿದ, ಅತಿ ಕಡಿಮೆ ಆದಾಯದ ಹಳ್ಳಿಯವರಿಗೆ ಮನೆ ದುರಸ್ತಿಗೆಂದೇ ಕೃಷಿ ಇಲಾಖೆಯಿಂದ ಸಹಾಯಧನದ ಯೋಜನೆಯೊಂದು ಇದ್ದರೂ, ಅದಕ್ಕೆ ಮನೆ ಅವರದ್ದೇ ಎಂದು ತೋರಿಸಬೇಕು, ಅರ್ಜಿ ಬರೆಯಬೇಕು, ಕಾಯಬೇಕು. ನೆಲ ಕುಸಿಯುವುದು ಕಾಯುವುದಿಲ್ಲ.

ಕಳೆದ ಜೂನ್‌ನಲ್ಲಿ ನಮ್ಮ ಪಾಲಿಗೆ ಬಂದದ್ದು ಅಂಥದೇ ಒಂದು ಟ್ರೇಲರ್ ಮನೆ. ಮನೆಯ ಯಜಮಾನರು ಮೂವತ್ತು ವರ್ಷ ನೆಲದೊಳಗೆ ಕಲ್ಲಿದ್ದಲು ಕಡಿದವರು. ಆ ಧೂಳು ಶ್ವಾಸಕೋಶದಲ್ಲಿ ಕುಳಿತು ಬರುವ ಕಾಯಿಲೆಗೆ ಅಲ್ಲಿ ‘ಬ್ಲ್ಯಾಕ್ ಲಂಗ್’ ಎನ್ನುತ್ತಾರೆ. ಆಮ್ಲಜನಕದ ಕೊಳವೆ ಮೂಗಿಗೆ ಹಾಕಿಕೊಂಡು ಕೂರುವ ಅವರಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು, ಮನೆಯೊಳಗೆ ಗಾಲಿಕುರ್ಚಿಯಲ್ಲೇ ಓಡಾಟ. ಬಚ್ಚಲಿನ ಮುಂದಿನ ನೆಲ ಎಷ್ಟು ಮೆತ್ತಗಾಗಿತ್ತೆಂದರೆ ಅವರ ಹೆಂಡತಿ ಅದರ ಮೇಲೆ ಅಡುಗೆಮನೆಯ ಕಪಾಟಿನ ಬಾಗಿಲೊಂದನ್ನು ಹಾಸಿ, ಅದರ ಮೇಲೆ ಕುರ್ಚಿ ತಳ್ಳುತ್ತಿದ್ದರು. ನಮ್ಮ ತಂಡದಲ್ಲಿ ಹದಿನಾಲ್ಕರಿಂದ ಹದಿನೇಳು ವರ್ಷದ ಐದು ಮಕ್ಕಳು, ನಾವು ಇಬ್ಬರು ದೊಡ್ಡವರು. ಮಕ್ಕಳಲ್ಲಿ ಮೂವರು ಅದುವರೆಗೆ ಗರಗಸ ಹಿಡಿದವರೇ ಅಲ್ಲ.

ಸೋಮವಾರ ಬೆಳಿಗ್ಗೆ ನೆಲದ ಹಲಗೆ ಕಿತ್ತಾಗ ಕೆಳಗಿನ ಅಡ್ಡಮರಗಳಲ್ಲಿ ಮೂರು ಕುಂಬಾಗಿರುವುದು ಕಂಡಿತು. ಅಂದಾಜಿನಲ್ಲಿ ಬರೆದದ್ದು ಒಂದೇ ಮರ. ಇಂಥಲ್ಲಿ ಮಾಡಬೇಕಾದ್ದು ಹೊಸ ಮರವನ್ನು ಹಳೆಯದರ ಮಗ್ಗುಲಿಗೆ ಒತ್ತಿಟ್ಟು, ಗಟ್ಟಿಯಾಗಿ ಉಳಿದಿರುವ ಭಾಗದವರೆಗೂ ಹಾಯಿಸಿ, ಬೋಲ್ಟು ಹಾಕಿ ಬಿಗಿಯುವುದು. ಇದಕ್ಕೆ ಯಾರಾದರೂ ಮನೆಯ ಅಡಿಗೆ ನುಸುಳಬೇಕು. ಎರಡು ಅಡಿ ಎತ್ತರದ ಆ ಜಾಗದಲ್ಲಿ ಕೆಸರು, ತುಕ್ಕು ಹಿಡಿದ ಮೊಳೆ, ಜೇಡರಬಲೆ, ಚಳಿ ತಡೆಯಲು ಹಾಕಿದ್ದು ಈಗ ಹರಿದು ಜೋತಾಡುವ ಹಳೆಯ ಗಾಜುಹತ್ತಿ ಎಲ್ಲ ಇದ್ದವು. ಹದಿನೈದು ವರ್ಷದ ಹುಡುಗಿಯೊಬ್ಬಳು ಮುಖಕ್ಕೆ ಮುಸುಕು ಕಟ್ಟಿಕೊಂಡು ಮೊದಲು ಒಳಗೆ ಹೋದಳು, ಅವಳ ಹಿಂದೆ ನಾನು. ಮೇಲಿನಿಂದ ಒಬ್ಬ ಹುಡುಗ ಅಳತೆ ಕೂಗುವುದು, ಕೆಳಗಿನಿಂದ ಅವಳು ಅದೇ ಅಳತೆಯನ್ನು ತಿರುಗಿ ಹೇಳುವುದು, ಹೊರಗೆ ಇನ್ನೊಬ್ಬ ಕೊಯ್ಯುವ ಮುಂಚೆ ಮತ್ತೊಮ್ಮೆ ಅಳೆಯುವುದು, ಹೀಗೆ ಮಂಗಳವಾರ ಸಂಜೆಯವರೆಗೆ ನಡೆಯಿತು. ಮುಕ್ಕಾಲು ಇಂಚಿನ ಪ್ಲೈವುಡ್ಡನ್ನು ಅಂಟು ಹಚ್ಚಿ ಸ್ಕ್ರೂ ಹೊಡೆದು ಕೂರಿಸಿದ್ದು ಬುಧವಾರ ಮಧ್ಯಾಹ್ನ. ಮನೆಯೊಡತಿ ಆ ಕಪಾಟಿನ ಬಾಗಿಲನ್ನು ಎತ್ತಿಕೊಂಡು ಹೋಗಿ ಅದರ ಹಳೆಯ ಜಾಗದಲ್ಲಿ ನಿಲ್ಲಿಸಿ, ಕೀಲು ಹಾಕಿಕೊಡುವಿರಾ ಎಂದು ಕೇಳಿದರು. ನಮ್ಮ ಕೆಲಸದ ಪಟ್ಟಿಯಲ್ಲಿ ಅದು ಇರಲಿಲ್ಲ. ಹಾಕಿಕೊಟ್ಟೆವು.

ಉಳಿದದ್ದು ಹೊರಬಾಗಿಲಿನಿಂದ ಅಂಗಳಕ್ಕೆ ಗಾಲಿಕುರ್ಚಿ ಇಳಿಯುವ ಮರದ ದಾರಿ. ನೋಡುವುದಕ್ಕೆ ಸರಳ, ಲೆಕ್ಕ ಕಟ್ಟುನಿಟ್ಟು. ಅಲ್ಲಿಯ ನಿಯಮದಂತೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು. ಹೊಸ್ತಿಲು ನೆಲದಿಂದ 32 ಇಂಚು ಮೇಲಿದ್ದುದರಿಂದ 32 ಅಡಿಯ ದಾರಿ, ಮೂವತ್ತು ಇಂಚು ಮೀರಿದರೆ ನಡುವೆ ಐದು ಅಡಿಯ ಸಮತಟ್ಟಾದ ತಂಗುದಾಣ, ಎರಡೂ ಬದಿಗೆ ಕೈಹಿಡಿ. ಅಂಗಳ ಅಷ್ಟು ಉದ್ದ ಇಲ್ಲವಾದ್ದರಿಂದ ದಾರಿಯನ್ನು ಮಧ್ಯದಲ್ಲಿ ಹಿಂದಕ್ಕೆ ತಿರುಗಿಸಬೇಕಾಯಿತು. ಶಾಲೆಯಲ್ಲಿ ಗಣಿತ ಬರುವುದಿಲ್ಲ ಎನ್ನುತ್ತಿದ್ದ ಹುಡುಗನೊಬ್ಬ ರಟ್ಟಿನ ತುಂಡಿನ ಮೇಲೆ ಅದನ್ನು ಬಿಡಿಸಿ, ಎಲ್ಲಿ ಎಷ್ಟು ಎತ್ತರದ ಕಂಬ ಬೇಕೆಂದು ಲೆಕ್ಕ ಹಾಕಿದ. ಗುರುವಾರ, ಶುಕ್ರವಾರ ಗುಂಡಿ ತೋಡಿ ಕಂಬ ನೆಟ್ಟು, ರಸಮಟ್ಟ ಹಿಡಿದು ಚೌಕಟ್ಟು ಕಟ್ಟಿದೆವು. ಹಲಗೆ ಹೊಡೆಯುವುದು, ಕೈಹಿಡಿ ಕೂರಿಸುವುದು ಬಾಕಿಯಿರುವಾಗಲೇ ನಮ್ಮ ವಾರ ಮುಗಿಯಿತು.

ಮೊದಲ ವರ್ಷವಾಗಿದ್ದರೆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಡುವುದು ನನಗೆ ತೀರಾ ಕಸಿವಿಸಿಯಾಗುತ್ತಿತ್ತು. ಈಗ ಆಗುವುದಿಲ್ಲ, ಏಕೆಂದರೆ ಭಾನುವಾರ ಸಂಜೆ ಇನ್ನೊಂದು ಊರಿನ ಇನ್ನೊಂದು ಸಭೆಯ ಮಕ್ಕಳು ಬಂದಿಳಿಯುತ್ತಾರೆ, ಸೋಮವಾರ ಬೆಳಿಗ್ಗೆ ನಾವು ಬಿಟ್ಟ ಮೊಳೆಯಿಂದಲೇ ಶುರುಮಾಡುತ್ತಾರೆ. ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಕಾಣುವುದು ಮಕ್ಕಳ ಒಂದು ವಾರ, ಮನೆಯನ್ನು ಉಳಿಸುವುದು ಆ ವಾರದ ಹಿಂದೆಯೂ ಮುಂದೆಯೂ ಇರುವ, ಯಾರ ಕಣ್ಣಿಗೂ ಬೀಳದ ಏರ್ಪಾಡು. ಮನೆಯವರು ಅರ್ಜಿ ಕೊಡುತ್ತಾರೆ. ಬೇಸಿಗೆಯ ಸಿಬ್ಬಂದಿಯಾಗಿ ಸೇರಿದ ಕಾಲೇಜು ವಿದ್ಯಾರ್ಥಿಗಳು, ತಾವೇ ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳಂತೆ ಬಂದು ಹೋದವರು, ತಂಡಗಳು ಬರುವ ಮುಂಚೆಯೇ ಪ್ರತಿ ಮನೆಗೂ ಹೋಗಿ ಕುಳಿತು ಮಾತಾಡಿ, ನೆಲ ತಟ್ಟಿ, ಮಾಡು ನೋಡಿ, ಯಾವ ಮನೆಯನ್ನು ಕೈಗೆತ್ತಿಕೊಂಡರೆ ಮುಗಿಸಲು ಸಾಧ್ಯ ಎಂದು ತೀರ್ಮಾನಿಸುತ್ತಾರೆ. ಮರ, ತಗಡು, ಸ್ಕ್ರೂ ಎಲ್ಲದಕ್ಕೂ ಪಟ್ಟಿ ಬರೆದು ತರಿಸುತ್ತಾರೆ. ಬೇಸಿಗೆ ರಜೆಯಲ್ಲಿ ಖಾಲಿಯಿರುವ ಶಾಲೆಯಲ್ಲಿ ಮಕ್ಕಳ ಊಟ, ನಿದ್ರೆಗೆ ವ್ಯವಸ್ಥೆ ಮಾಡುತ್ತಾರೆ. ಪ್ರತಿ ಮನೆಗೂ ಒಂದು ಕಡತ. ಏನಾಯಿತು, ಏನು ಬಾಕಿ, ಎಲ್ಲಿ ತಪ್ಪಿತು ಎಂದು ಅದರಲ್ಲಿ ಆಯಾ ದಿನವೇ ಬರೆದಿಡಬೇಕು. ನಾವು ಬರೆದ ಟಿಪ್ಪಣಿಯನ್ನು ಓದಿಯೇ ಮುಂದಿನ ತಂಡ ಕೈಹಿಡಿ ಕೂರಿಸಿತು. ಅವರ ಹೆಸರೂ ನನಗೆ ಗೊತ್ತಿಲ್ಲ.

ಈ ಏರ್ಪಾಡು ಇಲ್ಲದೆ ಬರೀ ಉತ್ಸಾಹ ಇದ್ದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಮೂರನೆಯ ಸಲ ಹೋದಾಗ ನಮಗೆ ಸಿಕ್ಕ ಮನೆಯನ್ನು ಎರಡು ವರ್ಷದ ಹಿಂದೆ ಬೇರೊಂದು ಗುಂಪು ದುರಸ್ತಿ ಮಾಡಿತ್ತು. ಯಾರೆಂದು ಹೇಳುವುದು ಇಲ್ಲಿ ಬೇಡ. ಕೊಳೆತ ನೆಲವನ್ನು ಕೀಳದೆ, ಅದರ ಮೇಲೆಯೇ ಹೊಸ ಹಲಗೆ ಹಾಸಿ, ಅದರ ಮೇಲೆ ಚಂದದ ಹೊದಿಕೆ ಅಂಟಿಸಿ, ಗೋಡೆಗೆ ಹಳದಿ ಬಣ್ಣ ಬಳಿದು, ಎಲ್ಲರೂ ಒಟ್ಟಿಗೆ ನಿಂತು ಚಿತ್ರ ತೆಗೆಸಿಕೊಂಡು ಹೋಗಿದ್ದರು. ಹೊಸ ಹಲಗೆಯ ಭಾರವೂ ಸೇರಿ ಕೆಳಗಿನ ಮರ ಮುರಿದು, ರಾತ್ರಿ ಎದ್ದ ಅಜ್ಜಿಯ ಕಾಲು ಮೊಣಕಾಲಿನವರೆಗೆ ನೆಲದೊಳಗೆ ಹೋಗಿ ಮೂಳೆ ಮುರಿದಿತ್ತು. ನಾವು ಬಂದಾಗ ಅವರು ಬಾಗಿಲು ತೆರೆದರೇ ಹೊರತು ಎರಡು ದಿನ ಮಾತಾಡಲಿಲ್ಲ. ಮಾತಾಡದಿರಲು ಅವರಿಗೆ ಪೂರ್ತಿ ಹಕ್ಕಿತ್ತು ಎಂದು ನಾನು ಮಕ್ಕಳಿಗೆ ಹೇಳಬೇಕಾಯಿತು. ಕೆಟ್ಟ ದುರಸ್ತಿ ಮಾಡುವುದಕ್ಕಿಂತ ಮಾಡದೆ ಇರುವುದು ಮೇಲು, ಏಕೆಂದರೆ ಕೊಳೆತದ್ದು ಕಣ್ಣಿಗೆ ಕಾಣುತ್ತಿದ್ದರೆ ಮನೆಯವರು ಎಚ್ಚರದಿಂದಲಾದರೂ ಕಾಲಿಡುತ್ತಾರೆ.

ಚಿತ್ರದ ವಿಷಯ ಬಂದದ್ದರಿಂದ ಇನ್ನೊಂದು ಮಾತು. 1964ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಪೂರ್ವ ಕೆಂಟಕಿಯ ಮಾರ್ಟಿನ್ ಕೌಂಟಿಗೆ ಬಂದು, ಕೆಲಸವಿಲ್ಲದ ಒಬ್ಬ ಬಡವನ ಮನೆಯ ಜಗಲಿಯಲ್ಲಿ ಕುಳಿತು ಬಡತನದ ವಿರುದ್ಧದ ತಮ್ಮ ಸಮರದ ಬಗ್ಗೆ ಮಾತಾಡಿದರು. ಆ ಚಿತ್ರವನ್ನು ದೇಶವೆಲ್ಲ ನೋಡಿತು. ಆ ಮನೆಯವರು ಬದುಕಿಡೀ ದೇಶದ ಬಡತನಕ್ಕೆ ಮುಖವಾಗಿ ಉಳಿಯಬೇಕಾಯಿತು. ಆ ಸೀಮೆಯವರಿಗೆ ಕ್ಯಾಮೆರಾ ಕಂಡರೆ ಮುಖ ಬಿಗಿಯುವುದು ಇಂಥ ನೆನಪುಗಳಿಂದ. ನಮ್ಮ ತಂಡದಲ್ಲಿ ಮನೆಯವರು ತಾವಾಗಿ ಕರೆಯದ ಹೊರತು ಮನೆಯ ಒಳಗಿನ ಚಿತ್ರ ತೆಗೆಯಬಾರದೆಂದು ಗೊತ್ತುಮಾಡಿಕೊಂಡಿದ್ದೇವೆ. ಹದಿಹರೆಯದ ಮಕ್ಕಳಿಗೆ ಇದು ಸುಲಭವಲ್ಲ. ಆದರೆ ಮೊಬೈಲು ಚೀಲದೊಳಗೆ ಹೋದ ದಿನದಿಂದ ಅವರು ಮನೆಯವರ ಜೊತೆ ಕುಳಿತು ಊಟ ಮಾಡುತ್ತಾರೆ, ಗಣಿಯ ಕಥೆ ಕೇಳುತ್ತಾರೆ, ಇದನ್ನು ಪ್ರತಿ ವರ್ಷವೂ ನೋಡಿದ್ದೇನೆ.

ಇಷ್ಟೆಲ್ಲ ಮಾಡುವ ಬದಲು ಆ ಹಣವನ್ನೇ ಅಲ್ಲಿಯ ಆಚಾರಿಯೊಬ್ಬನಿಗೆ ಕೊಟ್ಟರೆ ಎರಡು ದಿನದಲ್ಲಿ ನೆಲ ಹಾಕಿಕೊಡುತ್ತಾನಲ್ಲ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಕ್ಕಳು ಭಾಗವಹಿಸಲು ಶುಲ್ಕ ಕಟ್ಟುತ್ತಾರೆ, ವಾಹನಕ್ಕೆ ಇಂಧನ, ದಾರಿಯ ಊಟ, ಎಲ್ಲ ಸೇರಿದರೆ ಸಣ್ಣ ಮೊತ್ತವೇನಲ್ಲ. ಅದಕ್ಕಾಗಿ ನಮ್ಮ ಸಭೆಯಲ್ಲಿ ಮಕ್ಕಳು ವರ್ಷವಿಡೀ ಕಾರು ತೊಳೆದು, ತಿಂಡಿ ಮಾರಿ ಹಣ ಕೂಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನುರಿತ ಕೆಲಸಕ್ಕೆ, ಅಂದರೆ ವಿದ್ಯುತ್ತು, ಕೊಳಾಯಿ, ಎತ್ತರದ ಮಾಡು ಇಂಥವಕ್ಕೆ, ಸ್ಥಳೀಯ ಕುಶಲಕರ್ಮಿಗಳಿಗೆ ನ್ಯಾಯವಾದ ಕೂಲಿ ಕೊಟ್ಟೇ ಮಾಡಿಸಬೇಕು. ಆದರೆ ದುರಸ್ತಿಯಲ್ಲಿ ಮುಕ್ಕಾಲು ಪಾಲು ಕೀಳುವುದು, ಹೊರುವುದು, ಕೆರೆಯುವುದು, ಅಳೆಯುವುದು, ಹಿಡಿದುಕೊಳ್ಳುವುದು. ಆ ಮುಕ್ಕಾಲು ಪಾಲಿಗೆ ಕೂಲಿ ಕೊಡಲಾಗದ್ದರಿಂದಲೇ ಬಡವರ ಮನೆ ಕೆಡುತ್ತಾ ಹೋಗುತ್ತದೆ. ಅಲ್ಲದೆ ಆ ಹಣ ಕೂಡಿದ್ದೇ ಮಕ್ಕಳು ಹೋಗುತ್ತಾರೆಂಬ ಕಾರಣಕ್ಕೆ. ಅವರು ಹೋಗದಿದ್ದರೆ ಆ ಆಚಾರಿಗೆ ಕೊಡಲು ಅಷ್ಟು ಹಣವೂ ಇರುತ್ತಿರಲಿಲ್ಲ ಎಂಬುದು ನನ್ನ ಅನುಭವ.

ಸಭೆಯವರು ಮಾಡುವ ಸೇವೆ ಎಂದರೆ ನಮ್ಮ ಕಡೆ ಮತಾಂತರದ ಪ್ರಶ್ನೆ ಬಂದೇ ಬರುತ್ತದೆ, ಬರುವುದು ತಪ್ಪಲ್ಲ. ನಾನು ಕಂಡ ಮಟ್ಟಿಗೆ ಅಲ್ಲಿ ಮನೆಯವರನ್ನು ನೀವು ಯಾವ ಸಭೆಗೆ ಹೋಗುತ್ತೀರಿ, ಹೋಗುವುದೇ ಇಲ್ಲವೇ ಎಂದು ಯಾರೂ ಕೇಳುವುದಿಲ್ಲ. ಮಕ್ಕಳ ಸಂಜೆಯ ಪ್ರಾರ್ಥನೆ ತಂಗುವ ಶಾಲೆಯಲ್ಲಿ ನಡೆಯುತ್ತದೆ, ಮನೆಯವರ ಅಂಗಳದಲ್ಲಿ ಅಲ್ಲ. ಇದನ್ನು ಒತ್ತಿ ಹೇಳಲು ನನಗೊಂದು ಕಾರಣವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಯ ಮೇಲೆ ಹಂಚಿನ ಕಾರ್ಖಾನೆ ತೆರೆಯಿತು. ಮತ ಬದಲಿಸಿ ಕುಲದ ಕಸುಬನ್ನೂ ನೆಂಟರನ್ನೂ ಕಳೆದುಕೊಂಡವರಿಗೆ ದುಡಿಮೆ ಬೇಕಿತ್ತು, ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಆ ಜೇಡಿಮಣ್ಣಿನಲ್ಲಿ ದಾರಿ ಕಂಡುಕೊಂಡರು. ನನ್ನ ಮುತ್ತಜ್ಜ ಅಂಥ ಕಾರ್ಖಾನೆಯೊಂದರಲ್ಲಿ ಮಣ್ಣು ತುಳಿದವರು. ಅಂದು ಅನ್ನಕ್ಕೂ ಮತಕ್ಕೂ ಗಂಟು ಬಿದ್ದಿತ್ತು. ಅದನ್ನು ನಾನು ಮರೆಮಾಚಲಾರೆ, ಆ ಗಂಟಿನಿಂದಲೇ ಬಂದವನು ನಾನು. ಆದರೆ ಆ ಹಂಚು ಕೊನೆಗೆ ಜಾತಿ ಮತ ಕೇಳದೆ ದೇವಸ್ಥಾನ, ಮಸೀದಿ, ಇಗರ್ಜಿ, ಗುತ್ತಿನ ಮನೆ, ಒಕ್ಕಲಿನ ಮನೆ ಎಲ್ಲದರ ಮೇಲೂ ಕುಳಿತಿತು. ಇಂದು ಯಾವುದೇ ಧರ್ಮದ ಯುವಕರು ಇನ್ನೊಬ್ಬರ ಮಾಡಿಗೆ ಏಣಿ ಹಾಕುವುದಾದರೆ ಆ ಹಂಚಿನಂತೆಯೇ ಹಾಕಬೇಕು, ಗಂಟು ಇರಬಾರದು.

ಇನ್ನು ನಮ್ಮೂರಿನ ಮಾತು. ಟೆಕ್ಸ್ ಇವಾನ್ಸ್ ಮಕ್ಕಳನ್ನು ಬಾರ್ಬರ್‌ವಿಲ್‌ಗೆ ಕರೆದೊಯ್ದ ಅದೇ 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ, ನಮ್ಮ ದೇಶದಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ನಮ್ಮಲ್ಲಿ ಕೈಗಳಿಗೇನೂ ಕೊರತೆಯಿಲ್ಲ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಏಳು ದಿನಗಳ ವಿಶೇಷ ಶಿಬಿರಕ್ಕೆ ಹಳ್ಳಿಗೆ ಹೋಗಬೇಕು. ನಾನೂ ಕಾಲೇಜಿನಲ್ಲಿದ್ದಾಗ ಇಂಥ ಶಿಬಿರಕ್ಕೆ ಹೋಗಿದ್ದೆ. ಶಾಲೆಯ ಅಂಗಳ ಸಮತಟ್ಟು ಮಾಡಿದೆವು, ರಸ್ತೆ ಬದಿಯ ಪೊದೆ ಕಡಿದೆವು, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ಮಾಡಿದೆವು. ಅದೇ ಹಳ್ಳಿಯಲ್ಲಿ ಶಾಲೆಯಿಂದ ಕೂಗಳತೆಯಲ್ಲಿ ಒಂದು ಮನೆಯ ಮಾಡಿಗೆ ನೀಲಿ ಟಾರ್ಪಾಲು ಹೊದೆಸಿ ಅಡಿಕೆ ಸೋಗೆ ಹೇರಿದ್ದರು. ಏಳು ದಿನವೂ ಅದರ ಮುಂದೆಯೇ ಸ್ನಾನಕ್ಕೆ ಹೋಗಿಬಂದೆವು, ನಮ್ಮಲ್ಲಿ ಯಾರಿಗೂ ಅದು ಕೆಲಸವಾಗಿ ಕಾಣಲಿಲ್ಲ. ನಮ್ಮನ್ನು ಅತ್ತ ನೋಡುವಂತೆ ಯಾರೂ ಮಾಡಲಿಲ್ಲ ಎಂಬುದೂ ನಿಜ.

ಸರ್ಕಾರದ ವಸತಿ ಯೋಜನೆಗಳು ಮುಖ್ಯವಾಗಿ ಹೊಸ ಮನೆಗಾಗಿ ಇವೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ ಎಂದು ನಿಗದಿಯಾಗಿತ್ತು. ಮನೆಯಡಿ ಜಾಗದ ಹಕ್ಕುಪತ್ರ ಆಗದೆ, ಸರ್ಕಾರಿ ಜಾಗದ ಮನೆಯನ್ನು ಸಕ್ರಮ ಮಾಡಿಸಲು 94ಸಿ ಅರ್ಜಿ ಹಾಕಿ ಕಾಯುತ್ತಾ ಕುಳಿತವರಿಗೆ ಅದೂ ದೂರ. ಕೆಂಟಕಿಯ ಆ ಅಜ್ಜನ ಜಾಗದಂತೆಯೇ. ಅವರಿಗೆ ಬೇಕಾದ್ದು ಹೊಸ ಮನೆಯ ಮಂಜೂರಾತಿ ಬರುವವರೆಗೆ, ಅದು ಬರದೇ ಹೋದರೂ, ಇರುವ ಮಾಡು ಈ ಮಳೆಗಾಲ ದಾಟುವುದು. ನೂರಿನ್ನೂರು ಹಂಚು, ಕೆಲವು ರೀಪು, ಒಂದೆರಡು ಪಕ್ಕಾಸು, ಗೋಡೆಯ ಬುಡದಿಂದ ನೀರು ದೂರ ಹೋಗುವ ಒಂದು ಚರಂಡಿ, ಇಷ್ಟರಲ್ಲಿ ಹಲವು ಮನೆಗಳು ನಿಲ್ಲುತ್ತವೆ.

ಯಾರಾದರೂ ಇದನ್ನು ಮಾಡುವುದಾದರೆ ಅಲ್ಲಿಯ ಪ್ರವಾಸವನ್ನಲ್ಲ, ಅದರ ಹಿಂದಿನ ಏರ್ಪಾಡನ್ನು ತೆಗೆದುಕೊಳ್ಳಬೇಕು. ಶಿಬಿರ ಮಾರ್ಚಿನಲ್ಲಿದ್ದರೆ ಮನೆಗಳನ್ನು ದೀಪಾವಳಿಯ ಹೊತ್ತಿಗೇ ನೋಡಿಡಬೇಕು, ಪಂಚಾಯತಿಯ ಪಟ್ಟಿ ಮಾತ್ರ ನಂಬದೆ ಆಶಾ ಕಾರ್ಯಕರ್ತೆಯರನ್ನು ಕೇಳಬೇಕು. ಯಾರ ಮನೆಯಲ್ಲಿ ಯಾವ ಮೂಲೆ ಸೋರುತ್ತದೆ ಎಂಬುದು ಅವರಿಗೆ ಗೊತ್ತು. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ, ಮಾಡಿನ ಮೇಲೆ ಹಗುರವಾಗಿ ಹೆಜ್ಜೆಯಿಟ್ಟು ಹಂಚು ಹೊದೆಸಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಮೇಲೆ ಹತ್ತುವವರು ಅವರೇ ಆಗಲಿ, ಅವರಿಗೆ ಪೂರ್ತಿ ಕೂಲಿ ಸಿಗಲಿ. ವಿದ್ಯಾರ್ಥಿಗಳು ಕೆಳಗೆ ಸಾಲಾಗಿ ನಿಂತು ಹಂಚು ದಾಟಿಸಲಿ, ಇಳಿಸಿದ ಹಂಚಿನ ಪಾಚಿ ಉಜ್ಜಲಿ, ಮರಕ್ಕೆ ಗೇರೆಣ್ಣೆ ಬಳಿಯಲಿ, ಚರಂಡಿ ತೋಡಲಿ, ಗೋಡೆಯ ಬಿರುಕಿಗೆ ಗಾರೆ ತುಂಬಲಿ. ಮುಗಿಯದೆ ಉಳಿದದ್ದನ್ನು ಬರೆದಿಟ್ಟು ಮುಂದಿನ ಕಾಲೇಜಿನ ಘಟಕಕ್ಕೋ ಊರಿನ ಯುವಕ ಮಂಡಲಕ್ಕೋ ಇಗರ್ಜಿಯ ಯುವಜನರಿಗೋ ಒಪ್ಪಿಸಲಿ. ಹತ್ತು ಮನೆಗೆ ಬಣ್ಣ ಬಳಿಯುವುದಕ್ಕಿಂತ ಎರಡು ಮನೆಯನ್ನು ಒಣಗಿಸಿದರೆ ಸಾಕು. ಬಾರ್ಬರ್‌ವಿಲ್‌ನಲ್ಲೂ ಮೊದಲ ವರ್ಷ ಆದದ್ದು ನಾಲ್ಕೇ.

ಬರುವ ಮಾರ್ಚಿನಲ್ಲಿ ನಾನು ರಜೆ ಹಾಕಿ ಮಗಳೊಂದಿಗೆ ಊರಿಗೆ ಬರುತ್ತಿದ್ದೇನೆ. ಉಡುಪಿ, ಕುಂದಾಪುರ, ಕಾರ್ಕಳದ ಆಸುಪಾಸಿನ ಯಾವುದಾದರೂ ಎನ್‌ಎಸ್‌ಎಸ್ ಘಟಕ ಅಥವಾ ಯುವಕ ಮಂಡಲ ಇಂಥ ಒಂದು ವಾರವನ್ನು ಗೊತ್ತುಮಾಡುವುದಾದರೆ ಎರಡು ಮನೆಯ ಹಂಚು ಮತ್ತು ಮರದ ಖರ್ಚನ್ನು ನಮ್ಮ ಕುಟುಂಬ ಕೊಡುತ್ತದೆ, ಹಂಚು ದಾಟಿಸುವ ಸಾಲಿನಲ್ಲಿ ನಾವಿಬ್ಬರೂ ನಿಲ್ಲುತ್ತೇವೆ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ. ಆಸಕ್ತರು ಕೇಳಿದರೆ ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ,

ತಮ್ಮ ಓದುಗ,
ಕೊಲಂಬಸ್, ಒಹಾಯೊ